ಬಾಯಿಂದ ಬಂದ ಹೌದು

ಶೀಘ್ರಲಿಪಿಗಾರ್ತಿಯ ತಮ್ಮನನ್ನು ಹದಿನಾಲ್ಕು ತಿಂಗಳ ಹಿಂದೆ ಬಸ್ಸಿನಿಂದ ಇಳಿಸಿ ಜೈಲಿಗೆ ಒಯ್ದರು. ಮೊಕದ್ದಮೆ ಹಾಕಲಿಲ್ಲ. ತುರ್ತು ಅಧಿಕಾರ ಇರುವಾಗ ಮೊಕದ್ದಮೆ ಬೇಕಿರಲಿಲ್ಲ.

ಮನೆಯಲ್ಲಿ ಅವನಿಗೆ ಬಾಯಿಬಡುಕ ಅಂತಲೇ ಹೆಸರು. ಅಕ್ಕ ಅದಕ್ಕೆ ತದ್ವಿರುದ್ಧ. ಶಾಸನಸಭೆಯ ನಡುವಿನ ಮೇಜಿನಲ್ಲಿ ಕೂತು, ಇಪ್ಪತ್ತೆರಡು ವರ್ಷ ಬೇರೆಯವರ ಮಾತನ್ನು ಗೀಟು, ಕೊಕ್ಕೆಗಳಲ್ಲಿ ಹಿಡಿದಿಟ್ಟವಳು.

ಇವತ್ತು ಬೆಳಿಗ್ಗೆ ಹಿಡಿದಿಟ್ಟದ್ದೇ ಈಗ ಕುತ್ತಿಗೆಗೆ ಬಂದಿತ್ತು. ವಿರೋಧ ಪಕ್ಷದ ಹಿರಿಯರೊಬ್ಬರು ನಿರ್ಣಯ ತಂದಿದ್ದರು: ತುರ್ತು ಅಧಿಕಾರ ಇಂದಿಗೆ ಕೊನೆಯಾಗಲಿ. ಹೇಗೂ ಬಿದ್ದುಹೋಗುತ್ತದೆ ಅಂತ ಆಳುವವರ ಸಾಲಿನಲ್ಲಿ ಅರ್ಧ ಜನ ತೂಕಡಿಸುತ್ತಿದ್ದರು. ಸಭಾಧ್ಯಕ್ಷರು ಕೈಯೆತ್ತಿ, "ಒಪ್ಪುವವರು ಹೌದು ಅನ್ನಿ" ಅಂದರು. ಮೂರು ವರ್ಷದಿಂದ ಆ ಕೈ ಎದ್ದಾಗಲೆಲ್ಲ ಹೌದು ಅಂದು ಅಂದು ನಾಲಿಗೆ ಸವೆದವರು ಒಕ್ಕೊರಲಿನಿಂದ ಹೌದು ಅಂದುಬಿಟ್ಟರು. ಸಭಾಧ್ಯಕ್ಷರಿಗೂ ಅದೇ ರೂಢಿ. "ಹೌದಿಗೆ ಬಹುಮತ, ನಿರ್ಣಯ ಅಂಗೀಕಾರವಾಗಿದೆ" ಅಂತ ಸುತ್ತಿಗೆ ಕುಟ್ಟಿ ಊಟಕ್ಕೆ ಎದ್ದರು.

ಈಗ ನಾಲ್ಕೂಕಾಲು. ಐದಕ್ಕೆ ನಡಾವಳಿ ಮುದ್ರಣಕ್ಕೆ ಹೋಗಬೇಕು. ಬರೆದುಕೊಂಡವರ ಸಹಿ ಇಲ್ಲದೆ ಒಂದು ಹಾಳೆಯೂ ಹೋಗುವಂತಿಲ್ಲ. ಧ್ವನಿಮುದ್ರಣದ ಯಂತ್ರವನ್ನು ಭದ್ರತೆಯ ನೆಪ ಹೇಳಿ ಆಳುವವರೇ ನಿಲ್ಲಿಸಿದ್ದರಿಂದ, ಲಿಖಿತ ಸಾಕ್ಷಿ ಅಂತ ಉಳಿದದ್ದು ಅವಳ ಪುಸ್ತಕವೊಂದೇ.

ಸಭೆಯ ಕಾರ್ಯದರ್ಶಿ ಅವಳನ್ನು ತಮ್ಮ ಕೋಣೆಗೆ ಕರೆಸಿ, ಒಳಗಿನಿಂದ ಚಿಲಕ ಹಾಕಿ ಬಂದು, ಟೈಪಾದ ಹಾಳೆಯನ್ನು ಅವಳತ್ತ ಸರಿಸಿದರು. 'ಹೌದು' ಇರಬೇಕಾದಲ್ಲಿ 'ಇಲ್ಲ' ಇತ್ತು.

"ಒಂದೇ ಪದ ತಾಯಿ. ಸಹಿ ಹಾಕಿಬಿಡಿ."

"ಅವರು ಹೌದು ಅಂದರು ಸರ್."

"ಬಾಯಿತಪ್ಪಿ ಅಂದರು. ಮನಸ್ಸಿನಲ್ಲಿ ಇಲ್ಲ ಅಂತಲೇ ಇತ್ತು, ನಿಮಗೂ ಗೊತ್ತು."

"ಮನಸ್ಸಿನಲ್ಲಿ ಇದ್ದದ್ದನ್ನ ಬರೆಯೋಕೆ ನಮ್ಮ ಲಿಪೀಲಿ ಗುರುತಿಲ್ಲ ಸರ್."

ಕಾರ್ಯದರ್ಶಿಗೆ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಡ್ರಾಯರ್ ಎಳೆದು ಇನ್ನೊಂದು ಹಾಳೆ ತೆಗೆದರು. ಮೇಲೆ ತಮ್ಮನ ಹೆಸರಿತ್ತು.

"ಬಿಡುಗಡೆ ಆದೇಶ. ನೀವಲ್ಲಿ ಸಹಿ ಹಾಕಿ, ಇಲ್ಲಿ ನಾನು ಹಾಕಿಸ್ತೀನಿ. ಏಳಕ್ಕೆಲ್ಲ ಹುಡುಗ ಮನೇಲಿರ್ತಾನೆ."

"ಜೈಲಲ್ಲಿರೋ ಉಳಿದವರು?"

"ಉಳಿದವರು ನಿಮಗೇನಾಗಬೇಕು?"

ಅವಳ ಕೈ ಪೆನ್ನಿನ ಮೇಲಿತ್ತು. ಜೈಲಿನ ಹೋದ ಭೇಟಿಯಲ್ಲಿ ಬಾಯಿಬಡುಕ ಹತ್ತು ನಿಮಿಷದಲ್ಲಿ ಆಡಿದ್ದು ಮೂರೇ ಮಾತು. ಮೂರನೆಯದು, "ಅಮ್ಮನಿಗೆ ಹೇಳಬೇಡ ಅಕ್ಕ." ಏನನ್ನು ಹೇಳಬಾರದು ಅಂತ ಕೇಳುವಷ್ಟರಲ್ಲಿ ಗಂಟೆ ಹೊಡೆದಿತ್ತು. ಪೆನ್ನಿನ ಮುಚ್ಚಳ ಬಿಚ್ಚಿದಳು.

"ಈ 'ಇಲ್ಲ' ಅಚ್ಚಾದ ಮೇಲೆ, ನಾಳೆ ಅದೇ ಬಸ್ಸಿನಿಂದ ಅವನನ್ನ ಮತ್ತೆ ಇಳಿಸಬಹುದಲ್ವಾ ಸರ್?"

ಕಾರ್ಯದರ್ಶಿ ಗಡಿಯಾರ ನೋಡಿದರು. ಮೌನಕ್ಕೆ ಮಾತ್ರ ಅವಳ ಲಿಪಿಯಲ್ಲಿ ಗುರುತಿತ್ತು, ಸಣ್ಣದೊಂದು ಅಡ್ಡಗೀಟು. ಬೆರಳು ತಾನಾಗಿ ಮೇಜಿನ ಮೇಲೆ ಅದನ್ನೆಳೆಯಿತು.

"ಮೂರು ವರ್ಷದ ಹಿಂದೆ ಈ ಅಧಿಕಾರ ಕೊಟ್ಟಾಗಲೂ ಇವರು ತೂಕಡಿಸ್ಕೊಂಡೇ ಹೌದು ಅಂದಿದ್ದು. ಅವತ್ತು ಬರೆದವಳೂ ನಾನೇ. ಬಾಯಿತಪ್ಪಿತು ಅಂತ ಅವತ್ತು ಯಾರೂ ನನ್ನ ಕರೆಸಲಿಲ್ಲ."

"ಭಾಷಣ ಬೇಡ." ಅವರು ಕೈ ಚಾಚಿದರು. "ಪುಸ್ತಕ ಕೊಡಿ. ಸಹಿ ಬೇರೆ ಯಾರದ್ದಾದರೂ ಹಾಕಿಸ್ಕೋತೀನಿ."

ಅವಳು ಪೆನ್ನಿಗೆ ಮುಚ್ಚಳ ಹಾಕಿದಳು. ಪುಸ್ತಕವನ್ನು ಎದೆಗವಚಿಕೊಂಡು, ಚಿಲಕದ ಕಡೆ ಒಮ್ಮೆ ನೋಡಿ, ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಸರಿದು ಕೂತಳು.

"ಕೊಡಲ್ಲ ಸರ್."