ಪರದೆಯ ಹಿಂದಿನ ಬಳೆ

ಮಕ್ಕಳಿಗೆ ಪ್ರವೇಶ ಪರೀಕ್ಷೆ ಇಡುವ ಶಾಲೆಯವರು ಮೊದಲು ಅವರ ಅಪ್ಪ ಅಮ್ಮಂದಿರಿಗೆ ಒಂದು ಪರೀಕ್ಷೆ ಇಡಬೇಕು. ಅದರಲ್ಲಿ ಪಾಸಾಗುವವರು ನಮ್ಮ ನ್ಯಾಮತಿಯಲ್ಲಿ ಆಗ ಒಬ್ಬರೂ ಇರಲಿಲ್ಲ, ಈಗಲೂ ಇರಲಿಕ್ಕಿಲ್ಲ. ನಾನು ಬೋರಣ್ಣ ಮೇಷ್ಟ್ರು. ಹೊನ್ನಾಳಿಯ ಮಿಡ್ಲ್ ಸ್ಕೂಲಿನಲ್ಲಿ ಜೀವ ತೇಯ್ದು, ಪಿಂಚಣಿ ಹಿಡಿದುಕೊಂಡು ನ್ಯಾಮತಿಗೆ ಬಂದು ಸುಮ್ಮನೆ ಕೂತಿದ್ದವನು. ಊರವರು ಸುಮ್ಮನೆ ಕೂರಲು ಬಿಟ್ಟರೆ ತಾನೆ.

ಯುದ್ಧದ ಕಾಲ ಅದು. ಶಿವಮೊಗ್ಗದಿಂದ ಆಚೆಗೆ ಖಾಸಗಿಯವರು ನಡೆಸುತ್ತಿದ್ದ ಇಂಗ್ಲಿಷ್ ಬೋರ್ಡಿಂಗ್ ಶಾಲೆ ಒಂದಿತ್ತು. ಅಲ್ಲಿ ಓದಿದವನು ಅಮಲ್ದಾರನೇ ಆಗುತ್ತಾನೆ ಎಂದು ಸುತ್ತಲ ಊರಿನವರೆಲ್ಲ ನಂಬಿದ್ದರು. ಹೊನ್ನಾಳಿ ತಾಲ್ಲೂಕಿನಿಂದ ವರ್ಷಕ್ಕೆ ಒಬ್ಬನೇ ಹುಡುಗನಿಗೆ ಅಲ್ಲಿ ಜಾಗ. ಬರೆಯುವ ಪರೀಕ್ಷೆ ಇರಲಿಲ್ಲ. ಮೇಜಿನ ಎದುರು ನಿಲ್ಲಿಸಿ ಬಾಯಲ್ಲೇ ಕೇಳುತ್ತಿದ್ದರು, ಬಾಯಲ್ಲೇ ಹೇಳಬೇಕಿತ್ತು. ಆ ವರ್ಷ ಆ ಒಂದು ಜಾಗದ ಮೇಲೆ ಕಣ್ಣಿಟ್ಟವರು ನಮ್ಮೂರಿನಲ್ಲೇ ಇಬ್ಬರು: ಬೆಲ್ಲದ ಮಂಡಿಯ ಮುರ್ತುಜಾಸಾಬ ಮತ್ತು ಭತ್ತದ ಮಂಡಿಯ ನಾಗೇಂದ್ರಪ್ಪ.

ಇಬ್ಬರ ಮಂಡಿಗಳಿಗೂ ನಡುವೆ ಒಂದೇ ಗೋಡೆ. ಆ ಗೋಡೆ ಯಾರದು ಎಂದು ಕೋರ್ಟಿನಲ್ಲಿ ಕಾದಾಡಿ, ಗೋಡೆಯೇ ಬಿದ್ದುಹೋಗಿ, ಮತ್ತೆ ಕಟ್ಟಿದವರು ಯಾರು ಎಂದು ಕಾದಾಡುತ್ತಿದ್ದ ಹಾವು ಮುಂಗುಸಿಗಳು ಅವರು. ಇಬ್ಬರೂ ನನ್ನ ಬಳಿ ಬಂದರು, ಬೇರೆ ಬೇರೆಯಾಗಿ, ಬೇರೆ ಬೇರೆ ಹೊತ್ತಿನಲ್ಲಿ. ಸುತ್ತಮುತ್ತ ಇಂಗ್ಲಿಷ್ ಕಲಿಸಬಲ್ಲವನು ನಾನೊಬ್ಬನೇ. ನನಗೆ ಮೊಣಕಾಲು ನೋವು. ಮನೆ ಮನೆ ಸುತ್ತುವುದಿಲ್ಲ, ಒಂದೇ ಕಡೆ ಕೂರುತ್ತೇನೆ, ಇಬ್ಬರು ಹುಡುಗರೂ ಅಲ್ಲಿಗೇ ಬರಲಿ, ಇಷ್ಟವಿಲ್ಲದಿದ್ದರೆ ಬಿಡಿ ಎಂದೆ. ಒಬ್ಬನೇ ಹುಡುಗ ಓದಿದರೆ ತೂಕಡಿಸುತ್ತಾನೆ, ಪಕ್ಕದಲ್ಲಿ ಇನ್ನೊಬ್ಬನಿದ್ದರೆ ಎಚ್ಚರವಾಗಿರುತ್ತಾನೆ. ಇದು ನನ್ನ ಅನುಭವ.

ನಾಗೇಂದ್ರಪ್ಪನ ತಾಯಿ ಅಜ್ಜಮ್ಮ ಸಾಬರ ಹುಡುಗ ತಮ್ಮ ಪಡಸಾಲೆ ಹತ್ತಕೂಡದು ಎಂದು ಹಟ ಹಿಡಿದಳು. ಹಾಗಾಗಿ ಪಾಠ ಮುರ್ತುಜಾಸಾಬನ ಮನೆಯಲ್ಲೇ ಎಂದಾಯಿತು. ನಾಗೇಂದ್ರಪ್ಪನ ಮಗ ಮರುಳಸಿದ್ದ ದಿನವೂ ತನ್ನ ಮನೆಯ ಚೆಂಬಿನಲ್ಲಿ ನೀರು ತರುತ್ತಿದ್ದ. ವಾಪಸು ಹೋದ ಮೇಲೆ ಹಿತ್ತಿಲಲ್ಲೇ ನಿಲ್ಲಿಸಿ ಅಜ್ಜಮ್ಮ ಅವನ ತಲೆಯ ಮೇಲೆ ತಣ್ಣೀರು ಸುರಿಯುತ್ತಿದ್ದಳು. ಮಾಗಿಯ ಚಳಿಯಲ್ಲಿ ಆ ಹುಡುಗ ಸೀನುತ್ತಲೇ ಮಗ್ಗಿ ಒಪ್ಪಿಸುತ್ತಿದ್ದ. ಮೈಲಿಗೆ ಹೋಗುತ್ತಿತ್ತೋ ಇಲ್ಲವೋ, ನೆಗಡಿಯಂತೂ ಹೋಗಲಿಲ್ಲ.

ಮುರ್ತುಜಾಸಾಬನ ಮಗ ಜಮಾಲ್ ಚುರುಕು. ಒಮ್ಮೆ ಕೇಳಿದ್ದನ್ನು ಮರೆಯುತ್ತಿರಲಿಲ್ಲ. ಸಿದ್ದ ಸ್ವಲ್ಪ ಮಂದ, ಆದರೆ ಪಟ್ಟು ಬಿಡದವನು. ಜಮಾಲನ ಅಪ್ಪ ಮೊದಲ ದಿನವೇ ನನ್ನೆದುರು ಮಗನಿಗೆ ಹೇಳಿಬಿಟ್ಟಿದ್ದ: ಜಾಗ ಸಿಕ್ಕರೆ ಶಾಲೆ, ಸಿಗದಿದ್ದರೆ ಮಾರನೆಯ ದಿನದಿಂದಲೇ ಮಂಡಿಯಲ್ಲಿ ಬೆಲ್ಲ ತೂಗುವುದು, ಆಮೇಲೆ ಈ ಮನೆಯಲ್ಲಿ ಓದಿನ ಮಾತೇ ಬರಕೂಡದು. ಅವನು ಆಡಿದ ಮಾತಿಗೆ ತಪ್ಪುವವನಲ್ಲ. ಕೋರ್ಟಿನಲ್ಲಿ ಸೋತ ಗೋಡೆಯನ್ನೇ ಇನ್ನೂ ಬಿಟ್ಟಿರಲಿಲ್ಲ.

ಆ ಮಾತು ಮಗನಿಗಿಂತ ತಾಯಿಗೆ ತಾಕಿತ್ತು. ಅವನ ತಾಯಿ ಗುಲ್ಜಾರ್‌ಬೀ ಚನ್ನಗಿರಿಯವಳು. ಕನ್ನಡ ಶಾಲೆಯಲ್ಲಿ ನಾಲ್ಕನೆಯ ಕ್ಲಾಸಿನವರೆಗೆ ಮೊದಲನೆಯವಳಾಗಿ ಓದಿದ್ದಳಂತೆ. ಆಮೇಲೆ ಗೋಷಾ, ಮದುವೆ, ನ್ಯಾಮತಿ. ಅವಳ ಮುಖ ನಾನು ನೋಡಿದವನಲ್ಲ. ಪಡಸಾಲೆಗೂ ಒಳಮನೆಗೂ ನಡುವೆ ದಪ್ಪನೆಯ ಪರದೆ ಇಳಿಬಿಟ್ಟಿದ್ದರು. ಪಾಠದ ಹೊತ್ತಿಗೆ ಅವಳು ಅದರ ಹಿಂದೆ ಮೊರ ಹಿಡಿದು ಅಕ್ಕಿ ಆರಿಸುತ್ತ ಕೂರುತ್ತಿದ್ದಳು.

ಬಳೆ ಸದ್ದಾಗುತ್ತಿತ್ತು. ಅಕ್ಕಿ ಕೇರುವ ಸದ್ದು ಎಂದುಕೊಂಡಿದ್ದೆ. ಬರಬರುತ್ತ ತಿಳಿಯಿತು, ಜಮಾಲ್ ತಪ್ಪು ಹೇಳಿದಾಗ ಮಾತ್ರ ಒಳಗಿನಿಂದ ಝಣ್ ಎಂದು ಒಂದು ಸದ್ದು ಬರುತ್ತದೆ. ಹುಡುಗ ತಕ್ಷಣ ತಿದ್ದಿಕೊಳ್ಳುತ್ತಾನೆ. ನಾನು ಬಾಯಿ ತೆರೆಯುವ ಮೊದಲೇ ತಿದ್ದಿ ಆಗಿರುತ್ತದೆ. ಇಂಗ್ಲಿಷ್ ಪಾಠವನ್ನು ಸಹ ಆ ಹೆಂಗಸು ಮಗನ ಜೊತೆಗೇ ಪರದೆಯ ಆಚೆಯಿಂದ ಕಲಿಯುತ್ತಿದ್ದಳು. ನನ್ನ ಕೆಲಸ ಹಗುರವಾಯಿತು, ಸುಮ್ಮನಿದ್ದೆ. ಅಷ್ಟು ಶ್ರದ್ಧೆಯಿಂದ ಪಾಠ ಕೇಳಿದವರು ನನ್ನ ಇಡೀ ನೌಕರಿಯಲ್ಲಿ ಇರಲಿಲ್ಲ ಎಂಬುದೂ ನಿಜ.

ಆದರೆ ಸಿದ್ದನಿಗೂ ಕಿವಿ ಇತ್ತು. ಅವಳು ತಪ್ಪು ಯಾರು ಹೇಳಿದರೂ ಕೈ ತಡೆಯಲಾರದವಳು, ಕ್ರಮೇಣ ಅವನು ತಪ್ಪಿದಾಗಲೂ ಅಭ್ಯಾಸಬಲದಿಂದ ಬಳೆ ಸದ್ದಾಗತೊಡಗಿತು. ಅವನೂ ತಿದ್ದಿಕೊಳ್ಳಲು ಶುರು ಮಾಡಿದ. ಮಂದನಾಗಿದ್ದವನು ಜಮಾಲನ ಸಮಕ್ಕೆ ಬಂದ. ನಾಗೇಂದ್ರಪ್ಪನಿಗೆ ಹಿಡಿಯಲಾಗದಷ್ಟು ಹಿಗ್ಗು. ಸಾಬರ ಮನೆಯಲ್ಲೇ ಕೂತು ಸಾಬರ ಮಗನನ್ನೇ ಮೀರಿಸುತ್ತಿದ್ದಾನೆ ನನ್ನ ಮಗ ಎಂದು ಮಂಡಿಯಲ್ಲಿ ಗೋಡೆಯ ಆಚೆಗೂ ಕೇಳುವಂತೆ ಹೇಳಿದ. ಅವನ ಹೆಂಡತಿ ಬಂಗಾರಮ್ಮ ನೀರಿನ ಬಾವಿಯ ಹತ್ತಿರ ಅದನ್ನೇ ಇನ್ನಷ್ಟು ಉಪ್ಪು ಖಾರ ಹಚ್ಚಿ ಹೇಳಿದಳು.

ಬಾವಿಯ ಮಾತು ಪರದೆಯ ಹಿಂದಕ್ಕೆ ಬರಲು ಹೆಚ್ಚು ಹೊತ್ತು ಬೇಕಿಲ್ಲ. ಅದಾದ ಕೆಲವು ದಿನಕ್ಕೆ ಸಿದ್ದ ಇದ್ದಕ್ಕಿದ್ದಂತೆ ದಡ್ಡನಾದ. ಗೊತ್ತಿರುವುದನ್ನೇ ತಪ್ಪು ಹೇಳುತ್ತಿದ್ದ. ಒಂಬತ್ತು ಎಂಟಲ ಎಪ್ಪತ್ತೆರಡು ಎನ್ನುವುದು, ಒಳಗಿನಿಂದ ಝಣ್ ಎನ್ನುವುದು, ಅಲ್ಲ ಎಪ್ಪತ್ತಾರು ಎನ್ನುವುದು. ಜಮಾಲನಿಗೆ ಮಾತ್ರ ಏನೂ ಆಗಲಿಲ್ಲ. ಅವನು ಸರಿಯಾಗಿ ಹೇಳಿದಾಗಲೂ ಝಣ್ ಎನ್ನುತ್ತಿತ್ತು, ಅವನು ನಗುತ್ತ ಮುಂದಕ್ಕೆ ಹೋಗುತ್ತಿದ್ದ. ನನಗೆ ಅರ್ಥವಾಯಿತು. ಅವಳು ಲೆಕ್ಕ ತಿರುಗಿಸಿದ್ದಳು. ಮೊದಲು ತಪ್ಪಿಗೆ ಬಳೆ, ಈಗ ಸರಿಗೆ ಬಳೆ. ಮಗನಿಗೆ ಹೇಳಿಟ್ಟಿದ್ದಳು, ಸಿದ್ದನಿಗೆ ಹೇಳುವವರು ಯಾರು?

ಸಿದ್ದ ತಪ್ಪಿದಷ್ಟೂ ನಾಗೇಂದ್ರಪ್ಪ ಮನೆಯಲ್ಲಿ ಅವನಿಗೆ ಬಾರಿಸಿದ. ಹುಡುಗನ ಕಿವಿ ಊದಿಕೊಂಡದ್ದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ಮಕ್ಕಳಿಬ್ಬರನ್ನೂ ಹೊರಗೆ ಕಳಿಸಿ, ಪರದೆಗೆ ಮುಖ ಮಾಡಿ ಕೂತು, ಇದು ಒಳ್ಳೆಯದಲ್ಲ ಎಂದೆ. ಒಂಬತ್ತು ವರ್ಷದ ಹುಡುಗನ ಮೇಲೆ ಇಂಥ ಹಗೆಯೇ ಎಂದೂ ಕೇಳಿದೆ. ಒಳಗೆ ಮೊರ ಕೆಳಗಿಟ್ಟ ಸದ್ದು ಕೇಳಿಸಿತು.

“ಆ ಹುಡುಗ ನಮ್ಮನೆ ನೀರು ಮುಟ್ಟಾಕಿಲ್ಲ,” ಎಂದಳು. “ಇಲ್ಲಿಗೆ ಬಂದು ಹೋದ ಅಂತ ಅವನ ಅಜ್ಜಿ ತಲೆ ಮ್ಯಾಲೆ ನೀರು ಸುರೀತಾಳೆ. ನಮ್ಮನೆ ಬಳೆ ಸದ್ದು ಮಾತ್ರ ಬೇಕೇನ್ರಿ ಅವರಿಗೆ? ಅದನ್ನೂ ತೊಳಕೊಳ್ಳಾಕೆ ಹೇಳ್ರಿ.”

ಉತ್ತರವಿಲ್ಲದಾಗ ಮೇಷ್ಟ್ರುಗಳು ಬೇರೆ ತಪ್ಪು ಹುಡುಕುತ್ತಾರೆ, ನಾನೂ ಹುಡುಕಿದೆ. “ಸಿದ್ದನ ಮಾತು ಬಿಡವ್ವ, ನಿನ್ನ ಮಗನ್ನ ನೋಡು,” ಎಂದೆ. “ಅವನು ಈಗ ಬಳೆಗೆ ಕಾಯ್ತಾನೆ. ಉತ್ತರ ಹೇಳಿ ಪರದೆ ಕಡೆ ತಿರುಗ್ತಾನೆ. ನಿನಗೆ ಅವನ ಮುಖ ಕಾಣಾಕಿಲ್ಲ, ನನಗೆ ಕಾಣ್ತೈತೆ.”

ಅವನಿಗೆ ಎಲ್ಲ ಬಾಯಿಪಾಠ ಐತೆ, ನೀವು ನಿಮ್ಮ ಪಾಠ ನೋಡಿಕೊಳ್ಳಿ ಎಂದಳು. ಅವಳು ಹೇಳಿದ್ದು ಸುಳ್ಳಲ್ಲ, ಹುಡುಗನಿಗೆ ಎಲ್ಲವೂ ಬರುತ್ತಿತ್ತು. ಗಂಡನಿಗೂ ಹೇಳಿದೆ. ಅವನು ಮೀಸೆಯಲ್ಲಿ ನಕ್ಕು, ಆ ನಾಗೇಂದ್ರಪ್ಪನ ಮಗ ಹಿಂದೆ ಬಿದ್ದನಲ್ಲ, ಅಷ್ಟು ಸಾಕು ಬಿಡಿ ಎಂದ. ಆ ಬುದ್ಧಿಗೆ ನಾನೇನು ಹೇಳಲಿ.

ಸಿದ್ದನ ಪಾಡು ಬೇರೆಯಾಯಿತು. ಏಟು ತಿಂದು ತಿಂದು ಅವನಿಗೆ ಬಳೆಯ ಮೇಲೆ ನಂಬಿಕೆ ಹೋಯಿತು. ಸದ್ದಾದರೂ ಅಷ್ಟೆ, ಆಗದಿದ್ದರೂ ಅಷ್ಟೆ, ಕಣ್ಣು ಮುಚ್ಚಿಕೊಂಡು ಬೆರಳು ಮಡಿಸಿ ತಾನೇ ಎಣಿಸುತ್ತಿದ್ದ. ತಡವಾಗಿ ಹೇಳುತ್ತಿದ್ದ, ಹೇಳಿದ ಮೇಲೆ ಯಾರು ಏನೆಂದರೂ ಬದಲಾಯಿಸುತ್ತಿರಲಿಲ್ಲ. ಒಂದೆರಡು ಸಲ ನಾನೇ ಬೇಕೆಂದು ತಪ್ಪು ಎಂದು ನೋಡಿದೆ. ಇಲ್ಲ ಸಾರ್, ಸರಿ ಐತೆ, ಇನ್ನೊಂದ್ಸಲ ಎಣಿಸ್ಲಾ ಎಂದ ಹೈದ.

ಪರೀಕ್ಷೆಯ ದಿನ, ಪೆಟ್ರೋಲ್ ಸಿಗದೆ ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸಿನಲ್ಲಿ ಹೊರಟೆವು. ಮುರ್ತುಜಾಸಾಬ ಡ್ರೈವರನ ಹಿಂದೆ, ನಾಗೇಂದ್ರಪ್ಪ ಕೊನೆಯ ಸೀಟಿನಲ್ಲಿ, ನಡುವೆ ನಾನು ಮತ್ತು ಹುಡುಗರು. ಏರಿನಲ್ಲಿ ಬಸ್ಸು ನಿಂತು ಎಲ್ಲರೂ ಇಳಿದು ನೂಕಬೇಕಾಯಿತು. ಅವರಿಬ್ಬರೂ ಒಂದೇ ಕಡೆ ಕೈ ಹಚ್ಚಲಿಲ್ಲ. ಹುಡುಗರು ಮಾತ್ರ ಅಕ್ಕಪಕ್ಕ ನಿಂತು ನೂಕುತ್ತ, ಮುಖಕ್ಕೆಲ್ಲ ಮಸಿ ಮಾಡಿಕೊಂಡು ನಕ್ಕರು. ಅವರ ನಡುವೆ ಜಗಳವೇ ಇರಲಿಲ್ಲ. ಅದನ್ನು ಅಪ್ಪಂದಿರು ಗಮನಿಸಿದ್ದರೆ ಅದಕ್ಕೂ ಎರಡೆರಡು ಬಿಗಿಯುತ್ತಿದ್ದರು.

ಶಾಲೆಯಲ್ಲಿ ಅಪ್ಪಂದಿರನ್ನು ಹೊರಗೆ ಮರದ ಕೆಳಗೆ ನಿಲ್ಲಿಸಿದರು. ಕಲಿಸಿದ ಮೇಷ್ಟ್ರು ಎಂದು ನನಗೆ ಒಳಗೆ ಬಾಗಿಲ ಹತ್ತಿರ ಒಂದು ಬೆಂಚು ಕೊಟ್ಟರು, ಬಾಯಿ ತೆರೆಯಕೂಡದೆಂದು ತಾಕೀತು ಮಾಡಿದರು. ಮೇಜಿನ ಹಿಂದೆ ಮೂವರು ಗಂಡಸರು. ಜಮಾಲನನ್ನು ಮೊದಲು ಕರೆದರು. ಅವನು ಟೋಪಿ ಸರಿಮಾಡಿಕೊಂಡು ಧೈರ್ಯವಾಗಿಯೇ ನಿಂತ.

ಹದಿನೇಳು ಆರಲ ಎಷ್ಟು ಎಂದು ಕೇಳಿದರು. ನೂರಾ ಎರಡು ಎಂದ ಜಮಾಲ್, ನಾಲಿಗೆಯ ತುದಿಯಲ್ಲೇ ಇದ್ದಂತೆ. ಮೂವರಲ್ಲಿ ಒಬ್ಬರೂ ಏನೂ ಅನ್ನಲಿಲ್ಲ. ಅಂಥ ಪರೀಕ್ಷೆಗಳಲ್ಲಿ ಯಾರೂ ಏನೂ ಅನ್ನುವುದಿಲ್ಲ. ಕೋಣೆಯಲ್ಲಿ ಫ್ಯಾನಿನ ಸದ್ದೂ ಇರಲಿಲ್ಲ. ಹುಡುಗ ಕಾದ. ನಾನು ನೋಡನೋಡುತ್ತಿದ್ದಂತೆ ಅವನ ಮುಖದ ಬಣ್ಣ ಬದಲಾಯಿತು.

“ಅಲ್ಲ, ತೊಂಬತ್ತೆಂಟು,” ಎಂದ.

ಆಗಲೂ ಯಾರೂ ಏನೂ ಅನ್ನಲಿಲ್ಲ. “ನೂರಾ ಹನ್ನೆರಡು,” ಎಂದ.

ತುಂಗೆಗೂ ಭದ್ರೆಗೂ ಎಲ್ಲಿ ಸಂಗಮ ಎಂದು ಕೇಳಿದರು. ನ್ಯಾಮತಿಯ ಯಾವ ಹುಡುಗನಿಗೆ ಅದು ಗೊತ್ತಿಲ್ಲ? ಕೂಡ್ಲಿ ಎಂದ. ಕಾದ. ಅಲ್ಲ, ಹೊನ್ನಾಳಿ ಎಂದ. ಇಂಗ್ಲಿಷಿನಲ್ಲಿ ವಾರದ ದಿನಗಳನ್ನು ಹೇಳು ಎಂದರೆ ಬುಧವಾರದವರೆಗೆ ಸರಿಯಾಗಿ ಹೇಳಿ, ಅಲ್ಲಿ ನಿಂತು, ಮತ್ತೆ ಭಾನುವಾರದಿಂದ ಬೇರೆ ಥರ ಶುರು ಮಾಡಿದ. ಅಷ್ಟೂ ಪ್ರಶ್ನೆಗೆ ಮೊದಲು ಹೇಳಿದ್ದು ಸರಿ, ಅಷ್ಟನ್ನೂ ವಾಪಸು ತೆಗೆದುಕೊಂಡ. ನಾನು ಬೆಂಚಿನ ತುದಿಯನ್ನು ಹಿಡಿದುಕೊಂಡಿದ್ದೆ. ಒಂದೇ ಒಂದು ಸಲ ನನ್ನ ಕೋಲನ್ನು ನೆಲಕ್ಕೆ ಕುಟ್ಟಿದ್ದರೂ ಆ ಹುಡುಗ ಬದುಕಿಕೊಳ್ಳುತ್ತಿದ್ದನೋ ಏನೋ. ಕುಟ್ಟಲಿಲ್ಲ. ಮೋಸ ಮಾಡಿ ಮಕ್ಕಳನ್ನು ಪಾಸು ಮಾಡಿಸುವ ಮೇಷ್ಟ್ರು ನಾನಲ್ಲ, ಇವತ್ತಿಗೂ ಅಲ್ಲ.

ಮೂವರಲ್ಲಿ ಹಿರಿಯರೊಬ್ಬರು ಕನಿಕರದವರು. ಮೊದಲು ಹೇಳಿದ್ದೇ ಸರಿ ಇತ್ತಲ್ಲಪ್ಪ, ಯಾಕೆ ಬದಲಾಯಿಸಿದೆ ಎಂದು ಕೇಳಿದರು. ಅವನನ್ನು ಕಳಿಸಿ ಸಿದ್ದನನ್ನು ಕರೆದರು. ಸಿದ್ದ ಕಣ್ಣು ಮುಚ್ಚಿ ಬೆರಳು ಮಡಿಸಿ, ಅವರು ಇನ್ನೇನು ಮುಂದಿನ ಪ್ರಶ್ನೆಗೆ ಹೋಗುವ ಹೊತ್ತಿಗೆ ಉತ್ತರ ಹೇಳುತ್ತ ಹೋದ. ಎರಡು ತಪ್ಪಿದ. ತಪ್ಪನ್ನೂ ಸರಿಯಷ್ಟೇ ಗಟ್ಟಿಯಾಗಿ ಹೇಳಿದ.

ಜಾಗ ಸಿದ್ದನಿಗೆ ಸಿಕ್ಕಿತು ಎಂದು ಸಂಜೆಯೇ ಹೇಳಿಬಿಟ್ಟರು. ವಾಪಸು ಬಸ್ಸಿನಲ್ಲಿ ನಾಗೇಂದ್ರಪ್ಪ ಮುಂದಿನ ಸೀಟಿಗೆ ಬಂದು ಕೂತ. ಮುರ್ತುಜಾಸಾಬ ಹಿಂದಕ್ಕೆ ಹೋದ. ದಾರಿಯುದ್ದಕ್ಕೂ ಮಗನನ್ನು ಬೈಯಲೂ ಇಲ್ಲ, ಹೊಡೆಯಲೂ ಇಲ್ಲ. ಅದನ್ನು ನೋಡಿಯೇ ನನಗೆ ಗೊತ್ತಾಯಿತು, ನಾಳೆ ಮಂಡಿ ಎಂಬುದು ಗಟ್ಟಿ ಎಂದು.

ಮನೆ ಮುಟ್ಟಿದಾಗ ಮುರ್ತುಜಾಸಾಬ ಜಗಲಿಯಲ್ಲೇ ಕೂತುಬಿಟ್ಟ. ನಾನು ಪಡಸಾಲೆಯಲ್ಲಿ ನಿಂತು, ಆಗಲಿಲ್ಲವ್ವ ಎಂದೆ. ಅಲ್ಲಿಗೆ ಬಿಡಬಹುದಿತ್ತು, ಅವಳು ಬಿಡಲಿಲ್ಲ. ಏನೇನು ಕೇಳಿದರು ಎಂದಳು. ಹದಿನೇಳು ಆರಲ ಎಂದೆ. ನೂರಾ ಎರಡು ಎಂದಳು. ಸಂಗಮ ಎಂದೆ, ಕೂಡ್ಲಿ ಎಂದಳು. ವಾರದ ದಿನಗಳನ್ನು ಇಂಗ್ಲಿಷಿನಲ್ಲಿ ಏಳಕ್ಕೆ ಏಳೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಇವೆಲ್ಲ ಅವನಿಗೆ ಬರ್ತಾವೆ ಎಂದಳು. ಬರ್ತಾವೆ, ಹೇಳಿದ, ಹೇಳಿ ಎಲ್ಲಾನೂ ಬದಲಾಯಿಸಿದ ಎಂದೆ.

ಪರದೆ ಸರಿಯಿತು. ಅವಳು ನನ್ನನ್ನು ಲೆಕ್ಕಕ್ಕೇ ಇಡದೆ, ಸೆರಗನ್ನೂ ಎಳೆದುಕೊಳ್ಳದೆ, ಪಡಸಾಲೆಗೆ ಬಂದಳು. ಮೂವತ್ತೂ ತುಂಬದ ಹೆಣ್ಣು. ಬಾಗಿಲ ಹತ್ತಿರ ನಿಂತಿದ್ದ ಮಗನ ರಟ್ಟೆ ಹಿಡಿದು ಅಲ್ಲಾಡಿಸಿದಳು. ತಮ್ಮ ಮನೆಮಾತಿನಲ್ಲಿ ಅಲ್ಲ, ನನಗೂ ತಿಳಿಯಲೆಂದೋ ಏನೋ ಕನ್ನಡದಲ್ಲೇ ಕೇಳಿದಳು, ಎಲ್ಲ ಗೊತ್ತಿದ್ದೂ ಯಾಕೋ ಬದಲಾಯಿಸಿದೆ ಎಂದು.

ಇಡೀ ದಿನ ಅಳದಿದ್ದ ಹುಡುಗ ಆಗ ಅತ್ತ.

“ನಾನು ಕಾಯ್ತಾ ಇದ್ದೆ,” ಎಂದ. “ನೀನ್ಯಾಕೆ ಬರ್ಲಿಲ್ಲ?”

ಅವಳ ಕೈ ಅವನ ರಟ್ಟೆಯ ಮೇಲೆ ಹಾಗೇ ನಿಂತಿತು. ಜಗಲಿಯಿಂದ ಮುರ್ತುಜಾಸಾಬ, ಹುಡುಗನಿಗೆ ಊಟ ಹಾಕಿ ಮಲಗಿಸು, ಬೆಳಿಗ್ಗೆ ಬೇಗ ಏಳಬೇಕು ಎಂದ.