ಫ್ರಿಜ್ಜಿನ ಬೆನ್ನ ಹಿಂದೆ

ಮಗಳ ಶಾಲೆಯ ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದದ್ದನ್ನು ಅವಳು ಮೂರನೇ ಸಲ ಓದಿದಳು. ‘ಮಗುವಿನ ಊಟ ಹಳಸಿತ್ತು. ಬಿಸಾಡಿದ್ದೇವೆ. ಇನ್ನು ಮೇಲೆ ಫ್ರಿಜ್ಜಿನಲ್ಲಿಟ್ಟ ತಾಜಾ ಊಟ ಕಳಿಸಿ. ಆಗದಿದ್ದರೆ ಕ್ಯಾಂಟೀನ್ ಊಟಕ್ಕೆ ಹೆಸರು ಕೊಡಿ.’

“ತಾಜಾನೂ ಆಗ್ಬೇಕಂತೆ, ಫ್ರಿಜ್ಜಲ್ಲೂ ಇಟ್ಟಿರ್ಬೇಕಂತೆ. ಎರಡೂ ಹೇಗಮ್ಮಾ?” ಮೂಲೆಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಅತ್ತೆ ಕೇಳಿದರು.

ಅವಳಿಗೆ ನಗು ಬರಲಿಲ್ಲ. ಮನೆಯಲ್ಲಿ ಫ್ರಿಜ್ ಇಲ್ಲ, ಕ್ಯಾಂಟೀನಿನ ಊಟ ಕೈಗೆಟಕುವಂಥದ್ದಲ್ಲ. ಆದರೆ ಲಾಂಡ್ರಿಯಲ್ಲಿ ಹನ್ನೊಂದು ವರ್ಷ ಇಸ್ತ್ರಿ ತಿಕ್ಕಿದವಳಿಗೆ ಬಿಸಿ ಯಾವುದು, ಹಬೆ ಯಾವುದು ಎಂದು ಯಾರೂ ಪಾಠ ಹೇಳಬೇಕಿರಲಿಲ್ಲ. ಬಿಸಿ ಇರುವಾಗಲೇ ಮುಚ್ಚಳ ಹಾಕಿದರೆ ಡಬ್ಬಿ ಒಳಗೊಳಗೇ ಬೆವರಿ ಊಟ ಕೆಡುತ್ತದೆ. ಅದಕ್ಕೇ ಎಲ್ಲವನ್ನೂ ತಟ್ಟೆಯಲ್ಲಿ ಹರಡಿ ಆರಿಸಿಯೇ ತುಂಬುತ್ತಿದ್ದಳು. ಬೇಯಿಸಿದ ಮೊಟ್ಟೆ ಚಿಪ್ಪಿನ ಸಮೇತ, ಸೌತೆಕಾಯಿ ಇಡಿಯಾಗಿ, ಹಣ್ಣು ಸಿಪ್ಪೆಯೊಂದಿಗೆ, ಜೊತೆಗೆ ಬ್ರೆಡ್ಡು, ಹುರಿದ ಕಡಲೆಬೀಜ. ಡಬ್ಬಿಯ ಸುತ್ತ ಹಿಂಡಿದ ಒದ್ದೆ ಬಟ್ಟೆ. ಎರಡು ಬೇಸಿಗೆ ಹೀಗೇ ಕಳೆದಿತ್ತು. ಒಂದು ತುತ್ತೂ ಕೆಟ್ಟಿರಲಿಲ್ಲ.

ಹೋದ ವಾರ ಶಾಲೆಯಿಂದ ಹೊಸ ಅಪ್ಪಣೆ ಬಂತು: ಸಿಪ್ಪೆ, ಚಿಪ್ಪು ತೆಗೆದು, ಹೆಚ್ಚಿ ಕಳಿಸಬೇಕು, ಮಕ್ಕಳು ಕಸ ಮಾಡುತ್ತಾರೆ. ಓದಿದವರು ಹೇಳಿದ್ದಾರೆಂದು ಅವಳು ತನ್ನ ಬುದ್ಧಿಯನ್ನು ಗೂಟಕ್ಕೆ ನೇತುಹಾಕಿ ಹಾಗೇ ಮಾಡಿದಳು. ಅದರ ಫಲವೇ ಈ ಕೆಂಪು ಶಾಯಿ.

“ನಂಗೆ ಡಬ್ಬಿ ಬೇಡ,” ಎಂದಳು ಮಗಳು. ವಯಸ್ಸು ಎಂಟು. ಗಾತ್ರ ಚಿಕ್ಕದು, ಬಾಯಿ ಖಾರ. ಮನೆಯವರೆಲ್ಲ ಮೆಣಸು ಎಂದೇ ಕರೆಯುತ್ತಿದ್ದರು.

“ಉಪವಾಸ ಇರ್ತೀಯೇನೇ?”

“ಇರ್ತೀನಿ. ಎಲ್ಲರೂ ನನ್ನ ಹಳಸಲು ಅಂತಾರೆ. ಮಿಸ್ ಕೊನೇ ಬೆಂಚಲ್ಲಿ ಒಬ್ಬಳನ್ನೇ ಕೂರಿಸಿದ್ರು.”

ಅಮ್ಮ ಡೈರಿ ಮುಚ್ಚಿದಳು. “ಇವತ್ತು ಹಳೇ ಥರಾನೇ ಕಟ್ತೀನಿ. ಮಧ್ಯಾಹ್ನ ನಾನೇ ಬರ್ತೀನಿ. ಅಲ್ಲಿವರೆಗೂ ಡಬ್ಬಿ ಮುಟ್ಬೇಡ.”

“ಜಗಳ ಆಡ್ತೀಯಾಮ್ಮಾ?”

“ನೋಡೋಣ.”

“ನೋಡೋದೇನು, ಆಡು,” ಎಂದರು ಅತ್ತೆ. “ನನ್ನ ಜೊತೆ ಆಡಿ ಆಡಿ ಅಭ್ಯಾಸ ಇದೆಯಲ್ಲ.”

ಮಧ್ಯಾಹ್ನದ ಬೆಲ್ಲಿಗೆ ಸರಿಯಾಗಿ ಅವಳು ತರಗತಿಯ ಬಾಗಿಲಲ್ಲಿದ್ದಳು. ಟೀಚರ್ ಅವಳಿಗಿಂತ ಚಿಕ್ಕವರು, ಗರಿಗರಿ ಕಾಲರು. ಆ ಗರಿ ತನ್ನ ಕೈಯದೇ ಇರಬಹುದು ಎನಿಸಿತು ಅವಳಿಗೆ.

“ನೋಡಿ ಇವರೇ, ಮಗುವಿನ ಆರೋಗ್ಯದ ಪ್ರಶ್ನೆ. ಕಂತಿನಲ್ಲಾದ್ರೂ ಒಂದು ಸಣ್ಣ ಫ್ರಿಜ್ ತಗೋಬಾರ್ದಾ?”

“ಮೊದಲು ಡಬ್ಬಿ ತರಿಸಿ ಮೇಡಂ.”

ಆಯಾ ಡಬ್ಬಿ ತಂದುಕೊಟ್ಟಳು. ಅವಳು ತೆರೆಯಲಿಲ್ಲ. ಸುತ್ತಿದ್ದ ಬಟ್ಟೆಯನ್ನು ಮುಟ್ಟಿದಳು, ಕೆನ್ನೆಗೆ ಒತ್ತಿಕೊಂಡಳು. ಬಟ್ಟೆ ಗರಿಗರಿ ಒಣಗಿತ್ತು. ಬರೀ ಒಣಗಿದ್ದಲ್ಲ, ಬೆಚ್ಚಗಿತ್ತು. ನೆರಳಲ್ಲಿಟ್ಟರೆ ಸಂಜೆಯಾದರೂ ಪಸೆ ಆರದ ದಪ್ಪ ಬಟ್ಟೆ ಅದು. ಬಟ್ಟೆ ಹೇಗೆ ಒಣಗುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕೆ?

“ಡಬ್ಬಿಗಳನ್ನ ಎಲ್ಲಿಡ್ತೀರಿ?”

“ಸ್ಟಾಫ್ ರೂಮಿನ ಹಿಂದಿನ ಪ್ಯಾಸೇಜಲ್ಲಿ. ಯಾಕೆ?”

ಅವಳು ನೇರ ಅತ್ತ ನಡೆದಳು. ಪ್ಯಾಸೇಜು ಇಕ್ಕಟ್ಟು, ಕಿಟಕಿಯಿಲ್ಲ. ಸ್ಟಾಫ್ ರೂಮಿನ ಬಾಗಿಲ ಪಕ್ಕ ಆಳೆತ್ತರದ ಹೊಸ ಫ್ರಿಜ್. ಅದರ ಬೆನ್ನಿಗೆ ಆತುಕೊಂಡು ಮಕ್ಕಳ ಡಬ್ಬಿಗಳ ಕಬ್ಬಿಣದ ಸ್ಟ್ಯಾಂಡು. ಇಸ್ತ್ರಿಪೆಟ್ಟಿಗೆ ಕಾದಿದೆಯೋ ಇಲ್ಲವೋ ಎಂದು ನೋಡುವ ಹಾಗೆ ಅವಳು ಕೈಯ ಹಿಂಬದಿಯನ್ನು ಸ್ಟ್ಯಾಂಡಿನ ಹತ್ತಿರ ಹಿಡಿದಳು. ಬಿಸಿ ಗಾಳಿ ಬುಸುಗುಡುತ್ತಿತ್ತು.

“ಈ ಫ್ರಿಜ್ ಯಾವಾಗ ಬಂತು?”

“ಎರಡು ವಾರ ಆಯ್ತಕ್ಕಾ,” ಎಂದಳು ಹಿಂದೆಯೇ ಬಂದಿದ್ದ ಆಯಾ. “ಅವತ್ತೇ ಅಂದೆ, ಸ್ಟ್ಯಾಂಡು ಬೇರೆ ಕಡೆ ಇಡೋಣ ಅಂತ. ಆಯಾ ಮಾತು ಯಾರು ಕೇಳ್ತಾರೆ? ಉಳಿದವ್ರು ಪೊಟ್ಟಣದ ಚಿಪ್ಸು, ಬಿಸ್ಕತ್ತು ಕಳಿಸ್ತಾರೆ. ಅದು ಹಳಸೋದೂ ಇಲ್ಲ, ಮೈಗೆ ಹತ್ತೋದೂ ಇಲ್ಲ. ಊಟ ಅಂತ ಕಳ್ಸೋರು ನಿಮ್ಮಂಥೋರು ನಾಲ್ಕು ಜನ.”

ಅವಳಿಗೆ ಮೈ ಉರಿಯಿತು. ಡೈರಿಯ ಬರಹಕ್ಕಲ್ಲ, ಕೊನೇ ಬೆಂಚಿಗೂ ಅಲ್ಲ. ನಿನ್ನೆ ಇಡೀ ಸಂಜೆ ಆ ಡಬ್ಬಿಯನ್ನು ಉಪ್ಪು ಹಾಕಿ ನಾಲ್ಕು ಸಲ ತಿಕ್ಕಿದ್ದಳು. ಸಾಲದೆಂದು ತನ್ನ ಕೈಯನ್ನೇ ಮೂಸಿ ನೋಡಿಕೊಂಡಿದ್ದಳು. ಕಳ್ಳ ಹೊರಗಿದ್ದ, ಅವಳು ತನ್ನ ಮನೆಯನ್ನೇ ತಡಕಾಡಿದ್ದಳು.

“ಮೇಡಂ, ನಿಮ್ಮ ಊಟ ಎಲ್ಲಿದೆ?”

“ಫ್ರಿಜ್... ಫ್ರಿಜ್ ಒಳಗೆ.”

“ನಿಮ್ಮ ಊಟ ತಣ್ಣಗಿರ್ಲಿ ಅಂತ ನಮ್ಮ ಮಕ್ಕಳ ಊಟಕ್ಕೆ ಬೆಂಕಿ ಹಚ್ಚಿದ್ದೀರಿ. ಆಮೇಲೆ ನಾವು ಹಳಸಿದ್ದು ಕಳಿಸ್ತೀವಿ ಅಂತ ಕೆಂಪು ಶಾಯಿಯಲ್ಲಿ ಬರೀತೀರಿ!”

ಟೀಚರ ಮುಖ ಕೆಂಪಾಯಿತು. “ಗೊತ್ತಾಗ್ಲಿಲ್ಲ ಇವರೇ. ಮುಂದಿನ ಮೀಟಿಂಗಲ್ಲಿ ಈ ವಿಷಯ—”

“ಮೀಟಿಂಗ್ ತನಕ ಮೊಟ್ಟೆ ಕಾಯುತ್ತಾ?”

ಅವಳು ಸೆರಗು ಬಿಗಿದು ಸ್ಟ್ಯಾಂಡಿನ ಒಂದು ತುದಿ ಹಿಡಿದಳು. ಆಯಾ ಇನ್ನೊಂದು ತುದಿ ಹಿಡಿದಳು. ಟೀಚರ್ ಒಂದು ಗಳಿಗೆ ನಿಂತಿದ್ದು, ಆಮೇಲೆ ನಡುವೆ ಕೈ ಕೊಟ್ಟರು. ಕಬ್ಬಿಣ ಕಿರುಗುಟ್ಟುತ್ತ ಕುಡಿಯುವ ನೀರಿನ ತೊಟ್ಟಿಯ ಪಕ್ಕ, ಬಿಸಿಲು ಬೀಳದ ಗೋಡೆಗೆ ಬಂದು ನಿಂತಿತು.

ಬಳಿಕ ತರಗತಿಗೆ ಹೋಗಿ ಮಕ್ಕಳ ಎದುರಿಗೇ ಡಬ್ಬಿ ತೆರೆದಳು. ಮೊಟ್ಟೆಯ ಚಿಪ್ಪು ಒಡೆದು ಟೀಚರ ಮುಂದೆ ಹಿಡಿದಳು. “ಮೂಸಿ ನೋಡಿ.”

ಟೀಚರ್ ಮೂಸಿದರು. “ಚೆನ್ನಾಗಿದೆ.”

“ನಂಗಲ್ಲ, ಅವರಿಗೆ ಹೇಳಿ. ನಿನ್ನೆ ಕೆಟ್ಟಿದ್ದು ಯಾಕೆ ಅಂತಾನೂ ಹೇಳಿ.”

ಟೀಚರ್ ತರಗತಿಯ ಕಡೆ ತಿರುಗಿದರು. ಸ್ವರ ಸಣ್ಣದಿತ್ತು. “ಇವಳ ಊಟ ಚೆನ್ನಾಗಿದೆ. ನಿನ್ನೆ ಕೆಟ್ಟಿದ್ದು ನಾವು ಡಬ್ಬಿ ಇಟ್ಟ ಜಾಗದಿಂದ. ತಪ್ಪು ನಮ್ಮದು.” ಆಮೇಲೆ ಡೈರಿಯನ್ನು ತಾವೇ ಎಳೆದುಕೊಂಡು ಅದೇ ಕೆಂಪು ಪೆನ್ನಿನಲ್ಲಿ ಅದನ್ನೇ ಬರೆದರು.

ಮೆಣಸು ಕೊನೇ ಬೆಂಚಿನಿಂದ ಎದ್ದು ಬಂದು ಅಮ್ಮನ ಕೈಯಿಂದ ಡಬ್ಬಿ ತೆಗೆದುಕೊಂಡಳು. ತನ್ನ ಹಳೆಯ ಜಾಗಕ್ಕೆ, ಮೊದಲ ಬೆಂಚಿಗೆ, ಹೋಗಿ ಕೂತು, ಸೌತೆಕಾಯಿಯನ್ನು ಇಡೀ ಕೋಣೆಗೆ ಕೇಳುವ ಹಾಗೆ ಕಚ್ಚಿದಳು.