ಒಂಬತ್ತು ದಿನದ ಕಾಮಾಲೆ

ಬಟ್ಟೆ ಹೊಲಿಯುವ ಹೆಂಗಸೊಬ್ಬಳು ತನ್ನ ಬಾಡಿಗೆ ಅಂಗಡಿಯನ್ನು ಖಾಲಿ ಮಾಡಬೇಕೆಂದು ಕೆಳಗಿನ ಕೋರ್ಟು ತೀರ್ಪು ಕೊಟ್ಟಿತು. ಮೇಲ್ಮನವಿಗೆ ಮೂವತ್ತು ದಿನಗಳ ಗಡುವಿತ್ತು. ಆಕೆ ಮೂರನೆಯ ದಿನವೇ ವಕಾಲತ್ತಿಗೆ ಸಹಿ ಹಾಕಿ, ಕಾಗದಗಳನ್ನೆಲ್ಲ ವಕೀಲರ ಮೇಜಿನ ಮೇಲಿಟ್ಟು ಬಂದಳು. ಮೂವತ್ತೊಂಬತ್ತನೆಯ ದಿನ ಬಂದರೂ ವಕೀಲರು ಮನವಿ ಸಲ್ಲಿಸಿರಲಿಲ್ಲ.

ವಕೀಲರ ಕಚೇರಿಯೆಂದರೆ ಔಷಧಿ ಅಂಗಡಿಯ ಮೇಲಿನ ಒಂದೇ ಒಂದು ಕೋಣೆ. ಬೋರ್ಡಿನಲ್ಲಿ ಅವರ ಹೆಸರಿನ ಮುಂದೆ ‘ಅಂಡ್ ಅಸೋಸಿಯೇಟ್ಸ್’ ಎಂದಿದೆ. ಆ ಬಹುವಚನವೆಲ್ಲ ಸೇರಿ ತೀರಿಹೋದ ಅಣ್ಣನ ಹೆಂಡತಿ ಒಬ್ಬರೇ. ಅತ್ತಿಗೆ ಟೈಪ್ ಮಾಡುತ್ತಾರೆ, ಫೈಲಿಗೆ ದಾರ ಪೋಣಿಸುತ್ತಾರೆ, ಫೋನೆತ್ತಿ ಸಾಹೇಬರು ಕೋರ್ಟಿನಲ್ಲಿದ್ದಾರೆ ಎನ್ನುತ್ತಾರೆ. ಸಾಹೇಬರು ಎದುರಿಗೇ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದರೂ ಸರಿಯೇ. ವಿಚ್ಛೇದನ, ವಿಲ್ಲು, ಅಪಘಾತ, ಪಕ್ಕದ ಮನೆಯ ಗೋಡೆ, ಹೀಗೆ ಇಲ್ಲಿಗೆ ಬಾರದ ಕೇಸಿಲ್ಲ. ದೊಡ್ಡ ಕಚೇರಿಗಳಲ್ಲಿ ಒಂದೊಂದಕ್ಕೂ ಒಬ್ಬೊಬ್ಬ ಪಂಡಿತನಿರುತ್ತಾನೆ. ಇಲ್ಲಿ ಎಲ್ಲದಕ್ಕೂ ಒಂದೇ ತಲೆ, ಒಂದೇ ಡೈರಿ.

ಆ ತಲೆಯೂ ಆ ಡೈರಿಯೂ ಒಟ್ಟಿಗೆ ಬೇರೆ ಊರಿಗೆ ಹೋದವು. ಸಿಮೆಂಟ್ ಕಂಪನಿಯೊಂದರ ಕೇಸಿನಲ್ಲಿ ನಾಮಾಂಕಿತ ವಕೀಲರೊಬ್ಬರ ಹಿಂದೆ ನಿಂತು ಪುಟ ತಿರುಗಿಸಿ ಕೊಡಲು ಇವರಿಗೆ ಕರೆ ಬಂದಿತ್ತು. ನಮ್ಮವರು ಹೊಸ ಕೋಟು ಹಾಕಿಕೊಂಡು ಹೋಗಿ ಎರಡು ವಾರ ಪುಟ ತಿರುಗಿಸಿದರು. ಡೈರಿಯ ಪುಟವೊಂದನ್ನು ಬಿಟ್ಟು.

ಇಂಥ ಮರೆವಿಗೆ ಕಚೇರಿಯಲ್ಲಿ ಸಿದ್ಧ ಔಷಧವಿದೆ. ಕಂಪ್ಯೂಟರಿನಲ್ಲಿ ‘ಕಾಮಾಲೆ’ ಎಂಬ ಹೆಸರಿನ ಫೈಲು. ತಡವಾದದ್ದನ್ನು ಮನ್ನಿಸಬೇಕೆಂಬ ಅರ್ಜಿ, ಅದರ ಬೆನ್ನಿಗೆ ಕಕ್ಷಿದಾರರ ಅಫಿಡವಿಟ್ಟು: ನಾನು ಕಾಮಾಲೆಯಿಂದ ಹಾಸಿಗೆ ಹಿಡಿದಿದ್ದರಿಂದ ನನ್ನ ವಕೀಲರನ್ನು ಕಾಣಲಾಗಲಿಲ್ಲ. ಹೆಸರು, ತಾರೀಕು ಬದಲಿಸಿದರೆ ಮುಗಿಯಿತು. ಈ ಕಚೇರಿಯ ಕಕ್ಷಿದಾರರಿಗೆ ಗಡುವು ಮುಗಿಯುವ ಮುನ್ನಾದಿನ ಕಣ್ಣು ಹಳದಿಯಾಗುತ್ತದೆ, ವಕೀಲರಿಗೆ ಜ್ಞಾಪಕ ಬಂದ ದಿನ ತಿಳಿಯಾಗುತ್ತದೆ. ವ್ಯಾಯಾಮ ಶಾಲೆಯ ಮೇಷ್ಟರೊಬ್ಬರಿಗೆ ಒಂದೇ ವರ್ಷ ಎರಡು ಸಲ ಬಂದಿತ್ತು. ವೈದ್ಯಲೋಕ ಇನ್ನೂ ಇತ್ತ ಗಮನ ಹರಿಸಿಲ್ಲ. ನ್ಯಾಯಾಧೀಶರು ಹರಿಸಿದ್ದಾರೆ, ಆದರೆ ತಾವೂ ವಕೀಲರಾಗಿದ್ದಾಗ ಇದೇ ರೋಗವನ್ನು ಹಂಚಿದವರಾದ್ದರಿಂದ ಕೆಮ್ಮಿ, ಮನ್ನಿಸಿ, ಮುಂದಿನ ಕೇಸು ಕರೆಯುತ್ತಾರೆ.

ನಲವತ್ತನೆಯ ದಿನ ಬೆಳಿಗ್ಗೆ ಅಂಗಡಿಗೆ ಬೀಗ ಜಡಿಯಲು ಕೋರ್ಟಿನ ಅಮೀನ ಬರುವವನಿದ್ದ. ಅದನ್ನು ತಡೆಯಬೇಕಾದರೆ ಮೂವತ್ತೊಂಬತ್ತನೆಯ ದಿನ ಸಂಜೆ ಐದರೊಳಗೆ ಮನವಿ, ಅರ್ಜಿ, ಅಫಿಡವಿಟ್ಟು ಮೂರೂ ಸಲ್ಲಬೇಕು. ಮೂರು ಗಂಟೆಗೆ ದರ್ಜಿ ಬಂದಳು. ವಕೀಲರು ಎದ್ದು ಕುರ್ಚಿ ಎಳೆದು ಕೊಟ್ಟಾಗಲೇ ಆಕೆಗೆ ಏನೋ ಕೆಟ್ಟಿದೆ ಎಂದು ಅನಿಸಿತು. ಅಫಿಡವಿಟ್ಟಿನಲ್ಲಿ ಸಹಿ ಹಾಕುವ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಗುರುತು ಮಾಡಿತ್ತು. ಆಕೆ ಮೊದಲು ಓದಿ ಹೇಳಿ ಎಂದಳು. ಅತ್ತಿಗೆ ರೇಡಿಯೋ ವಾರ್ತೆ ಓದುವ ದನಿಯಲ್ಲಿ, ಯಾರ ಮುಖವನ್ನೂ ನೋಡದೆ ಓದಿದರು.

“ಯಾರಿಗೆ ಕಾಮಾಲೆ?” ದರ್ಜಿ ಕೇಳಿದಳು.

“ನಿಮಗೇ ಅಕ್ಕಾ,” ಎಂದರು ವಕೀಲರು. “ಬರೀ ಕಾಗದದ ಮೇಲೆ.”

“ಆ ಒಂಬತ್ತು ದಿನ ನಾನು ಮಶೀನ್ ಬಿಟ್ಟು ಎದ್ದಿಲ್ಲ. ನನ್ನನ್ನ ಓಡಿಸ್ತಿದಾನಲ್ಲ, ಆ ಮಾಲೀಕನ ಮನೆ ಪರದೆ ಹೊಲಿದಿದ್ದೇ ಆವಾಗ. ಅವನ ಹೆಂಡತಿ ಬಂದು ಅಳತೆ ಕೊಟ್ಟಳು, ಅವನೇ ಬಂದು ತಗೊಂಡು ಹೋದ.”

ಪರದೆಯನ್ನು ಮಲಗಿಕೊಂಡೂ ಹೊಲಿಯಬಹುದೇ ಎಂದು ವಕೀಲರು ಒಂದು ಕ್ಷಣ ನಿಜಕ್ಕೂ ಯೋಚಿಸಿದರು. ಆಮೇಲೆ ದನಿ ತಗ್ಗಿಸಿ ವಿವರಿಸಿದರು. ವಕೀಲನ ತಪ್ಪಿಗೆ ಕಕ್ಷಿದಾರ ನರಳಬಾರದೆಂದು ಮೇಲಿನ ಕೋರ್ಟುಗಳು ಎಷ್ಟೋ ಸಲ ಹೇಳಿವೆ, ನಿಜ. ಆದರೆ ಆ ದಾರಿ ಹಿಡಿದರೆ ತಪ್ಪಿದ ವಕೀಲನ ಹೆಸರು ಬರೆಯಬೇಕಾಗುತ್ತದೆ. ಬರೆದರೆ ಎದುರಿನವರು ಅದನ್ನೇ ಹಿಡಿದು ವಕೀಲರ ಮಂಡಳಿಗೆ ದೂರು ಕೊಡುತ್ತಾರೆ, ವಕೀಲಿ ಮಾಡುವ ಸನ್ನದು ಅಮಾನತಾಗುತ್ತದೆ. ದೊಡ್ಡ ಕಚೇರಿಯಲ್ಲಾದರೆ ಒಂದು ಕುರ್ಚಿ ಖಾಲಿ, ಅಷ್ಟೇ. ಇಲ್ಲಿ ಬಾಗಿಲೇ ಮುಚ್ಚುತ್ತದೆ, ಅತ್ತಿಗೆಯೂ ಬೀದಿಗೆ ಬೀಳುತ್ತಾರೆ.

ಇದರಲ್ಲಿ ಸುಳ್ಳೇನೂ ಇರಲಿಲ್ಲ. ಒಂಟಿ ವಕೀಲರ ಕಷ್ಟ ಮಂಡಳಿಗೂ ಗೊತ್ತು. ಅದಕ್ಕೇ ತಿಂಗಳಿಗೊಮ್ಮೆ ಅವರಿಗೆ ಸುತ್ತೋಲೆ ಕಳಿಸುತ್ತದೆ: ಒತ್ತಡವಾದಾಗ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಳ್ಳಿ. ವಕೀಲರು ಎಳೆದುಕೊಂಡರು. ಕಣ್ಣು ಬಿಟ್ಟಾಗಲೂ ದರ್ಜಿ ಅಲ್ಲೇ ಇದ್ದಳು.

“ನಿಮ್ಮ ಬಾಗಿಲು ಮುಚ್ಚಬಾರದು, ಸರಿ,” ಎಂದಳು. “ನನ್ನದು?”

“ಅದನ್ನ ಉಳಿಸೋಕೇ ಅಲ್ವಾ ಇದು? ಎಲ್ಲರೂ ಹಾಕ್ತಾರೆ ಅಕ್ಕಾ. ಯಾರೂ ಕೇಳಲ್ಲ.”

“ಮಾಲೀಕ ಕೇಳ್ತಾನೆ. ಪರದೆ ತಂದು ಜಡ್ಜ್ ಮುಂದೆ ಹಾಸ್ತಾನೆ. ಆಮೇಲೆ ನಾನು ಅಂಗಡಿನೂ ಕಳ್ಕೊಂಡೋಳು, ಆಣೆ ಮಾಡಿ ಸುಳ್ಳು ಹೇಳಿದೋಳು. ನೀವು ಮಾತ್ರ ಏನನ್ನೂ ಮರೀದೇ ಇರೋ ವಕೀಲ್ರು.”

ಗೋಡೆ ಗಡಿಯಾರ ನಾಲ್ಕು ಹೊಡೆಯಿತು. ಕೋರ್ಟಿಗೆ ನಡೆದು ಹೋಗಲು ಇಪ್ಪತ್ತು ನಿಮಿಷ ಬೇಕು. ವಕೀಲರು ಅತ್ತಿಗೆಯ ಕಡೆ ತಿರುಗಿ, ನೀವಾದರೂ ಸ್ವಲ್ಪ ತಿಳಿಹೇಳಿ ಎಂದರು. ಅತ್ತಿಗೆ ಫೈಲಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದರು. ಹದಿನಾರು ವರ್ಷಗಳಲ್ಲಿ ಎಷ್ಟು ಜನರ ಕಣ್ಣನ್ನು ಹಳದಿ ಮಾಡಿದ ಕೈಗಳೋ ಅವು.

ವಕೀಲರು ಮುಚ್ಚಳ ತೆಗೆದು ಪೆನ್ನನ್ನು ದರ್ಜಿಯ ಬೆರಳುಗಳ ನಡುವೆ ತಾವೇ ಇಟ್ಟರು. “ಹೊತ್ತಾಯ್ತು. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ಸಹಿ ಹಾಕಿ.”

ದರ್ಜಿ ಪೆನ್ನನ್ನು ಮೇಜಿನ ಮೇಲಿಟ್ಟು, ಕಾಗದವನ್ನು ಅವರ ಕಡೆ ತಿರುಗಿಸಿ ಸರಿಸಿದಳು.

“ಹಾಕಲ್ಲ. ಮರೆತಿದ್ದು ನೀವು. ಬೇರೆ ಕಾಗದ ತಗೊಂಡು ಹಾಗಂತ ಬರೀರಿ, ಕೆಳಗೆ ನಿಮ್ಮ ಸಹಿ ಹಾಕಿ. ಐದು ಗಂಟೆವರೆಗೂ ನಾನು ಇಲ್ಲೇ ಕೂತಿರ್ತೀನಿ.”